ವ್ಯಾನಿಗೆ ಡ್ರಿಪ್ ಪೈಪು

ಹೊಗೆ ತಪಾಸಣೆಯಲ್ಲಿ ನನ್ನ ಹಳೆಯ ಪೆಟ್ರೋಲ್ ವ್ಯಾನು ಮತ್ತೆ ಫೇಲಾದಾಗ ತಲೆ ಕೆಟ್ಟುಹೋಯಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದೆ, ಪ್ಲಗ್ಗುಗಳನ್ನೂ ಬದಲಿಸಿದ್ದೆ. ಆದರೂ ನಿಂತಲ್ಲೇ ಎಂಜಿನ್ನು ನಡುಗುತ್ತಿತ್ತು, ಬ್ರೇಕು ಕಲ್ಲಿನಂತೆ ಗಟ್ಟಿಯಾಗಿತ್ತು. ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲೇ ಸೀಟು ಎತ್ತಿ ಅದರಡಿಯ ಎಂಜಿನ್ನಿಗೆ ಕಿವಿಗೊಟ್ಟೆ. ಎಂಜಿನ್ನಿನಿಂದ ಬ್ರೇಕಿಗೆ ಹೋಗುವ ವ್ಯಾಕ್ಯೂಮ್ ಪೈಪು ಬುಸುಗುಡುತ್ತಿತ್ತು. ಕಿತ್ತು ನೋಡಿದರೆ ಅದು ಗಿಡಗಳಿಗೆ ನೀರು ಹನಿಸುವ ಡ್ರಿಪ್ ಪೈಪು! ನಡುವೆ ನೀರು ತೊಟ್ಟಿಕ್ಕುವ ತೂತು ಬೇರೆ, ಬೇಡದ ಗಾಳಿಯೆಲ್ಲ ಅಲ್ಲಿಂದಲೇ ಎಂಜಿನ್ನಿಗೆ ನುಗ್ಗುತ್ತಿತ್ತು.

ಇಂಥ ಕೆಲಸ ಮಾಡುವವನು ದಿಬ್ಬೂರಹಳ್ಳಿಯ ನನ್ನ ಬಾಮೈದನೊಬ್ಬನೇ. ಹೋದ ತಿಂಗಳು ಹಿಪ್ಪುನೇರಳೆ ಸೊಪ್ಪು ಸಾಗಿಸಲು ವ್ಯಾನು ಒಯ್ದಿದ್ದ. ಅಂಗಡಿಯಲ್ಲಿ ಸರಿಯಾದ ಪೈಪು ಹಾಕಿಸಿಕೊಂಡು ನೇರ ಅವನ ತೋಟಕ್ಕೆ ಹೋದೆ. ಹಳೆಯದನ್ನು ಅವನ ಕಾಲ ಬಳಿ ಎಸೆದೆ.

"ನಿಮ್ಮ ಪೈಪು ಸೀಳಿಹೋಗಿತ್ತು ಭಾವ. ಕೈಗೆ ಸಿಕ್ಕಿದ್ದು ಹಾಕ್ದೆ" ಎಂದ.

"ತೂತಿರೋದು ಕಾಣಲಿಲ್ವೇನೋ? ಬ್ರೇಕು ಹಿಡೀದೇ ಇರೋ ಈ ಗಾಡೀಲಿ ದಿನಾ ನಿಮ್ಮಕ್ಕನ್ನ ಕೂರಿಸ್ಕೊಂಡು ಓಡಾಡಿದೀನಿ ಕಣೋ!"

ಅವನು ಪೈಪನ್ನು ಎತ್ತಿಕೊಂಡು ಮಣ್ಣು ಊದಿದ. ತೂತನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಕಟ್ಕೊಂಡಿಲ್ಲ ಬಿಡಿ ಭಾವ, ತೋಟಕ್ಕಾಗತ್ತೆ" ಎಂದು ಜೇಬಿಗೆ ಇಳಿಸಿದ.