ಎತ್ತಿನ ಗಂಟೆ ಕಟ್ಟಿದ ಪಿನ್‌ಬಾಲ್

ಪಂಪಾಪತಿಗೆ ದಿನಾ ಬರುತ್ತಿದ್ದ ಊಟದ ತಾಟು ನಿಲ್ಲಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನ ಮುಖಕ್ಕೆ ಹೇಳುವ ತ್ರಾಸು ತಗೊಳ್ಳುವುದು ಬೇಡ. ನನ್ನ ಬಾಯಿಗೆ ಚಿಲಕವಿಲ್ಲ ಎಂದು ನನ್ನ ಹೆಂಡತಿ ಲಾಲ್‌ಬೀ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಆ ಮಾತು ಖರೆ ಎಂದು ನನಗೆ ತಿಳಿದದ್ದು ಹೋದ ವರ್ಷ.

ನನ್ನ ಹೆಸರು ಬಾಬುಸಾಬ್. ಮಸ್ಕಿಯಲ್ಲಿ ಪೇಂಟರ್. ಲಾರಿಯ ಹಿಂದೆ ಗುಲಾಬಿ ಬರೆದೆ, ಅಂಗಡಿಗಳ ಮೇಲೆ ಹೆಸರು ಬರೆದೆ, ಎಲೆಕ್ಷನ್ನಿನಲ್ಲಿ ಎಲ್ಲ ಪಾರ್ಟಿಗೂ ಗೋಡೆ ಬರೆದೆ. ಹಾಳಾದ ಫ್ಲೆಕ್ಸ್ ಬಂತು, ಎಲ್ಲ ಬಂದ್ ಆಯಿತು. ಈಗ ಕುಂಚ ಹಿಡಿ ಎಂದು ನನ್ನನ್ನು ಕರೆಯುವ ಗಿರಾಕಿ ಒಬ್ಬನೇ, ಸಿಂಧನೂರಿನ ಪಂಪಾಪತಿ. ಅವನಿಗಾಗಿ ನಾನು ಪಿನ್‌ಬಾಲ್ ಯಂತ್ರಕ್ಕೆ ಚಿತ್ರ ಬರೆಯುತ್ತೇನೆ. ನಗುವವರು ನಕ್ಕು ಮುಗಿಸಿ. ನಾನೂ ನಕ್ಕಿದ್ದೆ.

ಪಂಪಾಪತಿ ರೈಸ್ ಮಿಲ್ಲುಗಳ ಮೋಟಾರು ರಿಪೇರಿ ಮಾಡುವವನು. ಸುಟ್ಟ ಮೋಟಾರು ಕೊಟ್ಟರೆ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ, ಸಂಜೆಗೆ ಓಡಿಸಿ ತೋರಿಸುತ್ತಾನೆ. ಕೈ ಅಷ್ಟು ಚಲೋ. ಬಾಯಿ ಮಾತ್ರ ಇಲ್ಲವೇ ಇಲ್ಲ. ಅವನ ಹೆಂಡತಿ ರಾಜಶ್ರೀ ಆರು ವರ್ಷದ ಹಿಂದೆ ಲಿಂಗಸುಗೂರಿನ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಅವನು ಕುಡಿಯಲಿಲ್ಲ, ಹೊಡೆಯಲಿಲ್ಲ, ಇನ್ನೊಬ್ಬಳನ್ನು ನೋಡಲಿಲ್ಲ. ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಆಕೆಯೇ ನನಗೆ ಹೇಳಿದಳು.

"ಬೈದಿದ್ರಾರ ಬೈದಾನ ಅಂತ ಇರ್ತಿದ್ದೆ ಅಣ್ಣಾ. ಹದಿನೈದು ವರ್ಷ ಅಡಿಗಿ ಮಾಡಿ ಹಾಕೀನಿ. ಉಪ್ಪು ಹೆಚ್ಚಾದ್ರೂ ಹೇಳಲಿಲ್ಲ, ಕಮ್ಮಿ ಆದ್ರೂ ಹೇಳಲಿಲ್ಲ. ಗ್ವಾಡಿ ಜೋಡಿ ಎಷ್ಟ್ ದಿನಾ ಸಂಸಾರ ಮಾಡ್ಲಿ?"

ಆಮೇಲೆ ಆಕೆ ಕಿಟಕಿಯ ಕಡೆ ತಿರುಗಿ ಕುಳಿತಳು.  

ಇನ್ನು ಪಿನ್‌ಬಾಲ್ ವಿಷಯ. ಕಾಲುವೆಯ ನೀರಿಗೆಂದು ಬಂದು ಕ್ಯಾಂಪು ಕಟ್ಟಿಕೊಂಡಿದ್ದ ಆಂಧ್ರದ ಮಾಲೀಕರೊಬ್ಬರು ಮಿಲ್ಲು ಮಾರಿ ಹೋಗುವಾಗ ಹೊಟ್ಟಿನ ಕೋಣೆಯಲ್ಲಿ ಒಂದು ಹಳೆಯ ಪೆಟ್ಟಿಗೆ ಬಿಟ್ಟುಹೋಗಿದ್ದರು. ಮಂಚದಷ್ಟು ಉದ್ದ, ನಾಲ್ಕು ಕಾಲು, ಮೇಲೆ ಗಾಜು. ಒಳಗೆ ಇಳಿಜಾರಿನ ಹಲಗೆ, ಅದರ ಮೇಲೆ ಓಡುವ ಒಂದು ಉಕ್ಕಿನ ಗುಂಡು. ಎರಡು ಬದಿಯ ಗುಂಡಿ ಒತ್ತಿದರೆ ಕೆಳಗಿನ ಎರಡು ರೆಕ್ಕೆ ಎದ್ದು, ಜಾರಿ ಬಂದ ಗುಂಡನ್ನು ಮೇಲಕ್ಕೆ ಒದೆಯುತ್ತವೆ. ಇಲಿ ತಿಂದ ತಂತಿಯನ್ನೆಲ್ಲ ಪಂಪಾಪತಿ ಹೊಸದಾಗಿ ಸುತ್ತಿದ. ಗುಂಡು ಓಡಿತು. ಮಿಲ್ಲಿನ ಗುಮಾಸ್ತ ಮೊಬೈಲಿನಲ್ಲಿ ಹಿಡಿದು ಹಾಕಿದ ವಿಡಿಯೋ ಎಲ್ಲೆಲ್ಲಿಗೋ ಹೋಗಿ, ಪುಣೆಯ ಸಾಹೇಬರೊಬ್ಬರು ಕಾರಿನಲ್ಲಿ ಬಂದು ಆ ಪೆಟ್ಟಿಗೆ ಕೊಂಡುಹೋದರು. ಅವರ ಮನೆಯಲ್ಲಿ ಅಂಥವು ಹನ್ನೊಂದು ಇದ್ದವಂತೆ. ಹೋಗುವಾಗ, "ನೀವೇ ಹೊಸದು ಮಾಡಿ. ನಮ್ಮಂಥ ಹುಚ್ಚರು ದೇಶದಲ್ಲಿ ಐವತ್ತು ಜನ ಇದ್ದೇವೆ, ಎಲ್ಲರೂ ತಗೊಳ್ಳುತ್ತೇವೆ" ಎಂದರು.

ಪಂಪಾಪತಿ ಅದನ್ನು ನಂಬಿದ. ಐವತ್ತು ಹುಚ್ಚರನ್ನು ನಂಬಿ ಮಿಲ್ಲುಗಳ ಕೆಲಸ ಅರ್ಧ ಬಿಟ್ಟ. ಮನೆಯ ಪಡಸಾಲೆಯೇ ಕಾರ್ಖಾನೆ. ಮಾಲೀಕ, ಮೇಸ್ತ್ರಿ, ಕಸ ಹೊಡೆಯುವವನು ಎಲ್ಲ ಅವನೇ. ನಮ್ಮ ಮಸ್ಕಿ ಗುಡ್ಡದ ದೇವರ ಹೆಸರು ಹಾಕಿ ಬೋರ್ಡು ನಾನು ಬರೆದೆ, "ಮಲ್ಲಯ್ಯ ಪಿನ್‌ಬಾಲ್ ವರ್ಕ್ಸ್, ಸಿಂಧನೂರು". ಓಣಿಯವರು ಮಟಕಾದ ಹೊಸ ನಮೂನೆ ಇರಬೇಕು ಎಂದುಕೊಂಡು ಒಂದು ವಾರ ಇಣುಕಿದರು. ಅಲ್ಲ ಎಂದು ಗೊತ್ತಾದ ಮೇಲೆ ಯಾರೂ ಆ ಕಡೆ ಬರಲಿಲ್ಲ.

ಆಟಕ್ಕೆ ಅವನು ಇಟ್ಟ ಹೆಸರು "ಕಾಲುವೆ". ಗುಂಡೇ ನೀರು. ರೆಕ್ಕೆಗಳೇ ತೂಬು. ಗುಂಡು ಕೈತಪ್ಪಿ ಬೀಳುವ ತೂತಿನ ಮೇಲೆ "ಟೇಲ್ ಎಂಡ್" ಎಂದು ಬರೆ ಎಂದ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿದ್ದನ್ನು ಯಾರು ನೋಡಿದ್ದಾರೆ? ನನಗೆ ನಗು ಬಂತು, ಅವನಿಗೆ ಬರಲಿಲ್ಲ. ನಾನು ಗದ್ದೆ, ಬೆಳ್ಳಕ್ಕಿ, ಮಸ್ಕಿಯ ಗುಡ್ಡ ಎಲ್ಲ ಬರೆದೆ.

ಅವನ ಅಸಲಿ ಬುದ್ಧಿ ಇದ್ದದ್ದು ಸಪ್ಪಳದಲ್ಲಿ. ಗುಂಡು ಬಡಿದಾಗ ಅಂಕ ಬರಬೇಕು, ಅಂಕ ಬಂದಾಗ ಸಪ್ಪಳ ಬರಬೇಕು. ಅದಕ್ಕೆ ಅವನು ಬಳಗಾನೂರಿನ ಗುಜರಿಯಿಂದ ಎತ್ತಿನ ಕೊರಳ ಗಂಟೆ ತಂದ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಗಂಟೆಗಳು ಗುಜರಿಯಲ್ಲಿ ಬಿದ್ದಿದ್ದವು. ಹತ್ತಕ್ಕೆ ಸಣ್ಣದು, ನೂರಕ್ಕೆ ನಡುವಿನದು, ಸಾವಿರಕ್ಕೆ ದೊಡ್ಡದು. ಆ ದೊಡ್ಡ ಕಂಚಿನ ಗಂಟೆ ಬಾರಿಸಿದರೆ ಎದೆಯಲ್ಲಿ ಕೇಳಿಸುತ್ತಿತ್ತು.

ಪರೀಕ್ಷೆ ಮಾಡುವುದು ಸಂಜೆ ಏಳಕ್ಕೇ. ಓಣಿಯ ಹಿಂದೆ ಒಂದು ಮಿಲ್ಲು ಇದೆ. ಅದರ ಮೋಟಾರು ಓಡುವಾಗ ಇವನ ಮನೆಯ ಬಲ್ಬು ಕೂಡ ಕೆಂಪಗೆ ಉರಿಯುತ್ತದೆ, ರೆಕ್ಕೆ ಏಳುವುದೆಲ್ಲಿ? ಏಳಕ್ಕೆ ಮಿಲ್ಲು ಬಂದ್ ಆದ ಕೂಡಲೇ ವೋಲ್ಟೇಜು ನೆಟ್ಟಗಾಗುತ್ತದೆ. ಆಗ ಇವನು ಗುಂಡು ಬಿಡುತ್ತಾನೆ.

ಗಂಟೆ ಕಟ್ಟಿದ ಮೂರನೇ ದಿನವೋ ನಾಲ್ಕನೇ ದಿನವೋ, ಆಟ ಮುಗಿಸಿ ಹಿತ್ತಲಿಗೆ ಹೋದರೆ ಗೋಡೆಯ ಮೇಲೆ ಒಂದು ಮುಚ್ಚಿದ ತಾಟು ಇತ್ತಂತೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತುಣುಕು ಬೆಲ್ಲ, ತಾಟಿನ ಅಂಚಿಗೆ ಚಿಟಿಕೆ ವಿಭೂತಿ. ಪಕ್ಕದ ಮನೆಯ ಗುರುಲಿಂಗಮ್ಮ ಇಟ್ಟದ್ದು. ಆಕೆಗೆ ಎಂಬತ್ತು ದಾಟಿದೆ, ಕೋಲು ಹಿಡಿದೇ ಓಡಾಡುತ್ತಾಳೆ. ಮಗ, ಸೊಸೆ ಕಿರಾಣಿ ಅಂಗಡಿ ಮುಚ್ಚಿ ಬರುವುದು ಒಂಬತ್ತಕ್ಕೆ. ಏಳರ ಹೊತ್ತಿಗೆ ಗೋಡೆಯಾಚೆ ಗಂಟೆ ಕೇಳಿದ ಆ ಮುದುಕಿ, ಹೆಂಡತಿ ಬಿಟ್ಟುಹೋದ ಈ ಮನುಷ್ಯ ಕೊನೆಗೂ ದೇವರ ಪೂಜೆಗೆ ಕುಳಿತ ಎಂದುಕೊಂಡಿದ್ದಳು! ಇವನು ಆಟ ಶುರು ಮಾಡಿದ ಗಳಿಗೆಗೆ ಆಕೆ ಅಲ್ಲಿ ಆರತಿ ಎತ್ತುತ್ತಿದ್ದಳು. ಆಮೇಲೆ ಎಡೆಯಲ್ಲಿ ಇವನಿಗೂ ಒಂದು ಪಾಲು. ಎಲ್ಲ ಆ ವಿಭೂತಿ ನೋಡಿ ಇವನು ಕಟ್ಟಿಕೊಂಡ ಲೆಕ್ಕ.

ಇದನ್ನೆಲ್ಲ ಪಂಪಾಪತಿ ನನಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

"ದಿನಾ ಬರ್ತೈತಿ ಬಾಬಣ್ಣ. ಬಿಸಿ ಇರ್ತೈತಿ. ನಾ ತಾಟು ತೊಳದು ಗ್ವಾಡಿ ಮ್ಯಾಲ ಇಡ್ತೀನಿ, ಅಷ್ಟ."

"ಆಕಿಗೆ ಖರೇ ಹೇಳಿಯೇನು?"

"ಹ್ಯಾಂಗ ಹೇಳ್ಲಿ? ಆಕಿ ಜೋಡಿ ಒಮ್ಮ್ಯಾರ ಮಾತಾಡಿದ್ದಿದ್ರ ಹೇಳ್ತಿದ್ದೆ."

ಎರಡೂವರೆ ತಿಂಗಳು ಹೀಗೇ ನಡೆಯಿತು. ಯಂತ್ರ ಯಾವಾಗಲೋ ತಯಾರಾಗಿತ್ತು. ರೆಕ್ಕೆ ಇನ್ನೂ ಸರಿಯಿಲ್ಲ, ಗುಂಡು ಇನ್ನೂ ಜಾರುತ್ತದೆ ಎಂದು ನೆವ ಹೇಳುತ್ತ ಅವನು ದಿನ ತಳ್ಳುತ್ತಿದ್ದ. ಊಟದ ಆಸೆಗಲ್ಲ, ಅವನಿಗೆ ರೊಟ್ಟಿ ಮಾಡಲು ಬರುತ್ತದೆ. ಏಳು ಗಂಟೆಗೆ ಗೋಡೆಯಾಚೆ ಒಬ್ಬರು ತನಗಾಗಿ ಎದ್ದು ನಿಲ್ಲುತ್ತಾರೆ ಎನ್ನುವುದು ಅವನಿಗೆ ಬೇಕಾಗಿತ್ತು. ನನಗೆ ಅದು ಆಗಲೇ ತಿಳಿಯಬೇಕಿತ್ತು.

ಯಂತ್ರವನ್ನು ಪುಣೆಯ ಲಾರಿಗೆ ಹಾಕುವ ಹಿಂದಿನ ದಿನ ನಾನು ಸಿಂಧನೂರಿಗೆ ಹೋದೆ. ಗುರುಲಿಂಗಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು, "ನಿನ್ನ ಗೆಳ್ಯಾಗ ಎಷ್ಟ್ ಭಕ್ತಿ ಬಂದೈತಿ ನೋಡಪಾ, ಒಂದ್ ದಿನ ತಪ್ಸಂಗಿಲ್ಲ" ಎಂದಳು.

ನಾನು ನಕ್ಕುಬಿಟ್ಟೆ. ಯಾ ಅಲ್ಲಾ, ಆಗಲೇ ನನ್ನ ಬಾಯಿಗೆ ಲಕ್ವ ಹೊಡೆಯಬಾರದಿತ್ತೇ! "ಎಲ್ಲೀ ಭಕ್ತಿ ಬಿಡಬೇ ಯವ್ವಾ! ಅದು ಆಟದ ಡಬ್ಬಿ. ಗುಂಡು ಬಡದ್ರ ಗಂಟಿ ಬಾರಸ್ತೈತಿ. ನಾಳಿ ಪುಣೆಕ್ಕ ಹೊಂಟೈತಿ."

ಆಕೆ ತಟ್ಟನೆ ಒಳಗಿನ ಕಡೆ ತಿರುಗಿದಳು. ಕೋಲು ಹಿಡಿದು ಎದ್ದು ಒಳಗೆ ಹೋದಳು.  ಪಂಪಾಪತಿಗೆ ಹೇಳಿದೆ. ಬೈಯುತ್ತಾನೆ ಎಂದು ಕಾದೆ. ಅವನು ಸ್ಪ್ಯಾನರು ಒರೆಸುತ್ತ, "ಹೋಗ್ಲಿ ಬಿಡು" ಎಂದ, ಅಷ್ಟೇ. ಬೈಸಿಕೊಳ್ಳದೆ ಇರುವುದು ಎಂಥ ಶಿಕ್ಷೆ ಎಂದು ರಾಜಶ್ರೀ ಹೇಳಿದ್ದು ಅವತ್ತು ನನಗೆ ಅರ್ಥವಾಯಿತು.

ಮರುದಿನ ಯಂತ್ರ ಹೋಯಿತು. ಅಂದಿನಿಂದ ತಾಟೂ ಇಲ್ಲ.

ಪುಣೆಯ ಸಾಹೇಬರು ಕುಣಿದಾಡಿದರು. ಇಂಥ ಗಂಟೆ ತಮ್ಮ ಹನ್ನೊಂದರಲ್ಲಿ ಒಂದಕ್ಕೂ ಇಲ್ಲ ಎಂದರು. ಚೆನ್ನೈನಿಂದ ಒಂದು, ಕೊಚ್ಚಿಯಿಂದ ಎರಡು ಆರ್ಡರು ಬಂದವು. ಯಂತ್ರ ಹೋಗಿ ಎರಡು ತಿಂಗಳಿಗೆ, ಕಂಪನಿ ತನ್ನ ಕಾಲ ಮೇಲೆ ನಿಂತಿತು ಎಂದು ನಾನು ಪೇಢೆ ತಗೊಂಡು ಹೋದೆ. ಪಂಪಾಪತಿ ಇಳಿದುಹೋಗಿದ್ದ. ಎರಡನೇ ಯಂತ್ರ ಮುಕ್ಕಾಲು ಮುಗಿದಿತ್ತು. ಗುಂಡು ಬಿಟ್ಟ. ವೋಲ್ಟೇಜು ಸಾಲದೆ ರೆಕ್ಕೆ ಏಳಲಿಲ್ಲ, ಗುಂಡು ತಾನೇ ಉರುಳಿ ಬಡಿಯಿತು, ಗಂಟೆ ಮಾತ್ರ ಥಪ್ ಥಪ್ ಎಂದಿತು. ನೋಡಿದರೆ ಮೂರೂ ಗಂಟೆಗಳಿಗೆ ಹತ್ತಿ ತುರುಕಿ ಬಟ್ಟೆ ಸುತ್ತಿದ್ದಾನೆ.

"ಏನ್ಲೇ ಇದು? ಗಂಟಿಗೆ ಹೆಣದ ಬಟ್ಟಿ ಸುತ್ತಿದಂಗ ಸುತ್ತೀಯಲ್ಲ! ದನಿ ಕೇಳದ ಹ್ಯಾಂಗ ಮಾರ್ತೀ?"

"ಆಕಿಗೆ ಕೇಳಬಾರ್ದು. ದೇವ್ರ ಅಂತ ಕೈ ಮುಗದಾಳ ಬಾಬಣ್ಣ. ಮತ್ತ ಆಡಿ ಬಾರ್ಸಿದ್ರ ಆಕಿನ್ನ ಆಡಿಕೊಂಡಂಗ ಆಗ್ತೈತಿ."

"ಹಂಗಿದ್ರ ಕೈಲೆ ಬಾರ್ಸು. ಪೂಜಿ ಮಾಡು. ಮುಗೀತು."

"ಅದು ಸುಳ್ಳು ಪೂಜಿ ಆಗ್ತೈತಿ. ನಾ ಆಡಾಂವ."

ಈ ಮನುಷ್ಯನಿಗೆ ಏನು ಹೇಳುವುದು? ಕಣ್ಣೆದುರು ಸೊರಗುತ್ತಿದ್ದಾನೆ. ಏಳಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಮಾಡಿದ ತಪ್ಪು ನನ್ನದು, ಬೈಸಿಕೊಳ್ಳುವುದೂ ನಾನೇ ಎಂದುಕೊಂಡು ಪಕ್ಕದ ಮನೆಯ ಬಾಗಿಲು ಬಡಿದು ಒಳಗೆ ಹೋದೆ.

ಗುರುಲಿಂಗಮ್ಮ ದೇವರ ಜಗಲಿಯ ಮುಂದೆ ನಿಂತಿದ್ದಳು. ಬಲಗೈಯಲ್ಲಿ ಹಚ್ಚಿದ ಆರತಿ, ಎಡಗೈಯಲ್ಲಿ ಕೋಲು.

"ಯವ್ವಾ, ಅವತ್ತ ನಾ ಬಾಯಿ ತಪ್ಪಿ ಆಡಿದೆ. ಸಿಟ್ಟಿದ್ರ ನನ್ನ ಮ್ಯಾಲ ಹಾಕು. ಅವ ಪಾಪದಾಂವ. ಅವನ ತಾಟು ನಿಲ್ಸಬ್ಯಾಡ."

"ಸಿಟ್ಟು ಯಾರಿಗೆ ಬಂದೈತೋ?" ಎಂದಳು ಮುದುಕಿ.

"ಅವತ್ತ ಮಾತಾಡದ ಒಳಗ ಹೋದ್ಯಲ್ಲ?"

"ಹಾಲು ಉಕ್ಕಾಕತ್ತಿತ್ತು, ಹೋದೆ. ಹೋಗೂದ್ರಾಗ ಅರ್ಧ ಹಾಲು ಒಲಿ ಪಾಲಾಗಿತ್ತು."

 ಆಕೆಯೇ ಮುಂದುವರಿಸಿದಳು.

"ನಮ್ಮ ಮನ್ಯಾಗ ಗಂಟಿ ಆಗದ ಎಡಿ ಹೊರಗ ತೆಗಿಯಂಗಿಲ್ಲ. ನಮ್ಮವರು ಇದ್ದಾಗ ಅವರು ಗಂಟಿ ಬಾರ್ಸೋರು, ನಾ ಆರತಿ ಹಿಡಿಯಾಕಿ. ಅವರು ಹೋಗಿ ಮೂರು ವರ್ಷ ಆತು. ಈಗ ಒಂದ್ ಕೈಯಾಗ ಆರತಿ, ಒಂದ್ ಕೈಯಾಗ ಕೋಲು. ಗಂಟಿಗೆ ಇನ್ನೊಂದ್ ಕೈ ಎಲ್ಲಿಂದ ತರ್ಲಿ? ಸೊಸಿ ಮೊಬೈಲ್‌ನಾಗ ಗಂಟಿ ಹಚ್ಚಿ ಕೊಟ್ಟಾಳ, ಅದಕ್ಕ ಎಡಿ ತೋರ್ಸಾಕ ಮನಸ್ಸು ಬರವಲ್ದು. ಆ ಹುಡುಗ ಬಾರಸ್ತಿದ್ದ, ನಂದು ಪೂಜಿ ಆಗ್ತಿತ್ತು, ಅವನ ಪಾಲು ಅವನಿಗೆ ಇಡ್ತಿದ್ದೆ. ಈಗ ಗಂಟೀನ ಇಲ್ಲ. ಹ್ಯಾಂಗ ಇಡ್ಲಿ?"

"ಖರೇ ಅದು ಆಟ, ಯವ್ವಾ."

"ಆಡ್ಲಿ ಬಿಡೋ! ಎತ್ತಿನ ಕೊಳ್ಳಾಗಿನ ಗಂಟಿ ಅಂತ ನನಗ ಮೊದಲನೇ ದಿನಾನ ತಿಳದೈತಿ. ಎತ್ತು ಕಟ್ಟಿದ ಮನಿ ಮಗಳು ನಾ." ಆಮೇಲೆ ದನಿ ಇಳಿಸಿ ಕೇಳಿದಳು, "ಅಂವ ಆರಾಮ ಅದಾನಿಲ್ಲೋ? ಏಳು ಹೊಡದ್ರ ದೀಪ ಹಚ್ಚಿ ನಿಂತೇ ಇರ್ತೀನಿ. ಗಂಟಿನೂ ಇಲ್ಲ, ಸಪ್ಳಾನೂ ಇಲ್ಲ. ಗ್ವಾಡಿ ಆಚೆ ಅದಾನೋ ಇಲ್ಲೋ ಅಂತ ತಿಳೀವಲ್ದು."

ಒಂದು ಗೋಡೆಯ ಈಚೆ ಆಕೆ ಗಂಟೆಗೆ ಕಾದು ನಿಂತಿದ್ದಾಳೆ, ಆಚೆ ಅವನು ಗಂಟೆಗೆ ಹತ್ತಿ ತುರುಕಿ ತಾಟಿಗೆ ಕಾದು ನಿಂತಿದ್ದಾನೆ. ಎರಡು ತಿಂಗಳು! ನನಗೆ ಇಬ್ಬರಿಗೂ ಕಪಾಳಕ್ಕೆ ಕೊಡಬೇಕು ಅನಿಸಿತು, ಅಳುವೂ ಬಂತು. ಓಡಿಬಂದು ಗಾಜು ಸರಿಸಿ ಬಟ್ಟೆ ಬಿಚ್ಚಿದೆ, ಹತ್ತಿ ಕಿತ್ತೆ. ಪಂಪಾಪತಿ "ಏ, ಏ" ಎಂದು ಕೈ ಹಿಡಿದ. ಆಕೆ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ನಾ ಅದೀನೋ ಇಲ್ಲೋ ಅಂತ ಕೇಳಿದ್ಲಾ?" ಎಂದ. ಅದನ್ನೇ ಎರಡು ಸಲ ಕೇಳಿದ.

ಹಿಂದಿನ ಮಿಲ್ಲು ಬಂದ್ ಆಯಿತು. ಬಲ್ಬು ಬೆಳ್ಳಗಾಯಿತು. ಅವನು ಎದ್ದು ಗುಂಡು ಬಿಟ್ಟ.  ಜನ್ಮದಲ್ಲೇ ಅಷ್ಟು ಕೆಟ್ಟದಾಗಿ ಆಡಿರಲಿಕ್ಕಿಲ್ಲ. ಗುಂಡು ಒಂದೇ ಸಲ ದೊಡ್ಡ ಗಂಟೆಗೆ ತಗುಲಿ ಸೀದಾ ಟೇಲ್ ಎಂಡಿಗೆ ಇಳಿಯಿತು. ಒಂದೇ ಗಂಟೆ, ಅದು ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು. ನಾವಿಬ್ಬರೂ ಹಿತ್ತಲ ಬಾಗಿಲಲ್ಲಿ ನಿಂತೆವು. ಸ್ವಲ್ಪ ಹೊತ್ತಿಗೆ ಕೋಲಿನ ಸಪ್ಪಳ, ಆಮೇಲೆ ಗೋಡೆಯ ಮೇಲೆ ತಾಟು ಸರಿದ ಸಪ್ಪಳ.

ಅವನು ತಾಟು ತೆಗೆದುಕೊಂಡು ಅಲ್ಲೇ ನಿಂತು ಒಂದು ತುತ್ತು ತಿಂದ. ಗೋಡೆಯಾಚೆ ಕೋಲು ಇನ್ನೂ ಹೊರಟಿರಲಿಲ್ಲ. ಪಂಪಾಪತಿ ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ.

"ಉಪ್ಪು ಬರಾಬರ್ ಐತ್ರೀ ಅವ್ವಾರ" ಎಂದ.

"ನಾಳಿ ಎರಡು ಸಲಾರ ಬಾರ್ಸು" ಎಂದಿತು ಆಚೆಯ ದನಿ.

ಈಗ ಆ ಕಂಪನಿಗೆ ಒಂದು ಕಾಯ್ದೆ ಇದೆ. ಮುಂದಿನ ಯಂತ್ರಕ್ಕೆ ಗಂಟೆ ಕಟ್ಟುವ ತನಕ ತಯಾರಾದ ಯಂತ್ರ ಮನೆ ಬಿಡುವುದಿಲ್ಲ. ಯಾಕೆ ಇಷ್ಟು ತಡ ಎಂದು ಚೆನ್ನೈನವರು ಫೋನಿನಲ್ಲಿ ಕೂಗಾಡುತ್ತಾರೆ. "ವೋಲ್ಟೇಜ್ ಇಲ್ಲ ಸರ್" ಎಂದು ಇವನು ಫೋನ್ ಇಡುತ್ತಾನೆ.

ತಾಟು ತಿರುಗಿ ಬಂದ ಆ ಸಂಜೆ ನಾನು ಹತ್ತಿದ್ದು ಲಿಂಗಸುಗೂರು ಬಸ್ಸು. ಮಸ್ಕಿ ದಾಟಿ ಅದು ರಾಜಶ್ರೀ ಇರುವ ಊರಿಗೆ ಹೋಗುತ್ತದೆ. ನಿನ್ನ ಗಂಡ ಇವತ್ತು ಉಪ್ಪಿನ ಮಾತಾಡಿದ ಎಂದು ಆಕೆಗೆ ಹೇಳಿಬರಬೇಕು ಅನಿಸಿತು. ಕೇಳಿ ಆಕೆಗೆ ಸಂತೋಷವಾಗುತ್ತದೋ, ಹದಿನೈದು ವರ್ಷದ ಅಡುಗೆ ನೆನಪಾಗುತ್ತದೋ, ನನಗೆ ತಿಳಿಯಲಿಲ್ಲ. ಕಂಡಕ್ಟರು ಎಲ್ಲಿಗೆ ಎಂದು ಎರಡು ಸಲ ಕೇಳಿದ. ಬಾಯಿ ಬಿಗಿಹಿಡಿದು ಮಸ್ಕಿಗೇ ಟಿಕೆಟ್ ತಗೊಂಡೆ.