ಬಾವಿಗೆ ಬಿಟ್ಟ ಮೀನು

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಹೊಸ ಬಾವಿ ತೋಡಿದವರು ಮೊದಲ ನೀರಿಗೆ ಒಂದು ಜೀವಂತ ಕೊರಮೀನು ಬಿಡುತ್ತಿದ್ದರು. ಅದು ಸೊಳ್ಳೆಮರಿ, ಹುಳುಹುಪ್ಪಟೆ ತಿಂದುಕೊಂಡು ಕುಡಿಯುವ ನೀರನ್ನು ಚೊಕ್ಕವಾಗಿಡುತ್ತಿತ್ತು. ಮೀನು ಬಿಟ್ಟ ಕೈ ಯಾರದೋ ಅವರ ಹೆಸರೇ ಬಾವಿಗೆ ನಿಲ್ಲುತ್ತಿತ್ತು. ದೊಡ್ಡಪ್ಪನ ಬಾವಿ, ಅಜ್ಜಿ ಬಾವಿ ಎಂದು ಸುತ್ತಲಿನ ಹೊಲಗಳಲ್ಲಿ ಎಷ್ಟೋ ಇದ್ದವು. ಒಂದು ಬೇಸಿಗೆಯಲ್ಲಿ ಅಪ್ಪ ನಮ್ಮ ಹೊಲದಲ್ಲೂ ಬಾವಿ ತೋಡಿಸಿದ. ತಳದಲ್ಲಿ ನೀರು ಕಂಡ ದಿನವೇ, ಅದಕ್ಕೆ ನನ್ನ ಹೆಸರು ಬರಬೇಕೆಂದು ನಾನು ನಿಶ್ಚಯಿಸಿಬಿಟ್ಟೆ.

ಅಡ್ಡಿ ಇದ್ದದ್ದು ಅಕ್ಕನದು. ಬಾವಿಗೆ ಬಿಡುವ ಮೀನನ್ನು ಬರಿಗೈಯಲ್ಲೇ ಹಿಡಿಯಬೇಕು. ಗಾಳ ಹಾಕಿದರೆ ಬಾಯಿ ಹರಿಯುತ್ತದೆ, ಬಲೆ ಹಾಕಿದರೆ ಮೈ ತರಚುತ್ತದೆ, ಗಾಯದ ಮೀನು ಬಾವಿಯಲ್ಲಿ ಬಾಳುವುದಿಲ್ಲ. ಬರಿಗೈಯಲ್ಲಿ ಹಿಡಿಯುವುದರಲ್ಲಿ ಅಕ್ಕನನ್ನು ಮೀರಿಸುವವರು ನಮ್ಮ ಕೇರಿಯಲ್ಲೇ ಇರಲಿಲ್ಲ. "ಕೈ ಅಂದ್ರೆ ಇವಳ್ದು ನೋಡ್ರಿ, ಬೆಣ್ಣೆ" ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನಗೂ ಎರಡು ಕೈ ಇದ್ದವು. ಅವುಗಳ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

"ನಾನು ಬಿಡ್ತೀನಿ" ಎಂದು ನಾನು, "ನಾನೇ ಹಿಡ್ಕೊಂಡು ಬರ್ತೀನಿ" ಎಂದು ಅಕ್ಕ ಅಪ್ಪನ ಮುಂದೆ ನಿಂತೆವು. ಅಪ್ಪ ನಕ್ಕ. "ಬಾವಿಗೆ ಒಂದೇ ಮೀನು. ಎರಡು ಬಿಟ್ರೆ ನಿಮ್ಮಂಗೇ ಕಚ್ಚಾಡ್ತಾವೆ. ಇಬ್ರೂ ಕೆರೆಗೆ ಹೋಗ್ರಿ. ಯಾರ ಮೀನು ದೊಡ್ಡದೈತೋ ಅವ್ರೇ ಬಿಡ್ಲಿ" ಎಂದ.

ನನ್ನ ಕೈಯಿಂದ ಮೀನು ಯಾವಾಗಲೂ ಜಾರುತ್ತಿತ್ತು. ಆದರೆ ಅವ್ವ ಮೀನು ಕೊಯ್ಯುವುದನ್ನು ನಾನು ನೋಡಿದ್ದೆ. ಅವಳು ಒಲೆಯ ಬೂದಿಯನ್ನು ಮೀನಿನ ಮೈಗೆ ಸವರುತ್ತಿದ್ದಳು, ಆಮೇಲೆ ಅದು ಕೈಯಲ್ಲಿ ಅಲುಗಾಡುತ್ತಿರಲಿಲ್ಲ. ಅಕ್ಕನಿಗೆ ಬೆಣ್ಣೆಯಂಥ ಕೈ ಇದ್ದರೆ ನನಗೆ ತಲೆ ಇತ್ತು! ಬೆಳಗಾಗುತ್ತಲೇ ಒಲೆಯಿಂದ ಒಂದು ಹಿಡಿ ಬೂದಿ ತೆಗೆದು, ಚಿಂದಿಯಲ್ಲಿ ಗಂಟು ಕಟ್ಟಿ, ಒದ್ದೆಯಾಗದಿರಲೆಂದು ತಲೆಯ ಮೇಲಿಟ್ಟು ಟವೆಲ್ ಸುತ್ತಿಕೊಂಡೆ.

ಕೆರೆ ಅಂದರೆ ಆಗ ನಡುವೆ ಉಳಿದ ಒಂದು ಹೊಂಡ, ಸುತ್ತ ಬಿರುಕು ಬಿಟ್ಟ ಮಣ್ಣು. ಉಳ್ಳಾರ್ತಿ ಕಾವಲ್ ಕಡೆಯಿಂದ ಒಣಹುಲ್ಲಿನ ವಾಸನೆ ಹೊತ್ತ ಬಿಸಿಗಾಳಿ ಬೀಸುತ್ತಿತ್ತು. ನೀರು ಕುಡಿಯಲು ಬಂದ ದನಗಳು ಹೊಂಡದ ಅಂಚನ್ನೆಲ್ಲ ತುಳಿದು ಹೋಗಿದ್ದವು. ಮೊಣಕಾಲುದ್ದದ ಬೆಚ್ಚಗಿನ ನೀರು, ಅದರ ಕೆಳಗೆ ತಣ್ಣನೆಯ ಕೆಸರು, ಕೆಸರಿನಲ್ಲಿ ಗೊರಸಿನ ಆಳವಾದ ಗುಳಿಗಳು. ಬಿಸಿಲು ಏರಿದಂತೆ ಮೀನುಗಳು ಆ ಗುಳಿಗಳಲ್ಲೇ ಅಡಗಿ ಕೂರುತ್ತವೆ. ಬೆಳ್ಳಕ್ಕಿಗಳಿಗೂ ಅದು ಗೊತ್ತಿತ್ತು. ನಮ್ಮನ್ನು ಕಂಡು ಅವು ಬೇಸರದಿಂದ ಎದ್ದು ಆಚೆ ದಡಕ್ಕೆ ಹೋಗಿ ಕೂತವು.

ಅಕ್ಕ ಲಂಗ ಎತ್ತಿ ಸಿಕ್ಕಿಸಿಕೊಂಡು ಮಂಡಿಯೂರಿದಳು. ಗುಳಿಯ ಎರಡು ಕಡೆ ಅಂಗೈಗಳನ್ನು ಮೇಲ್ಮುಖವಾಗಿ ಕೆಸರಿನಲ್ಲಿ ಇಟ್ಟು ಸುಮ್ಮನಾದಳು. ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ. "ಕೈನ ಮೀನು ಕೆಸರು ಅಂದ್ಕಬೇಕು ಕಣೋ" ಎಂದು ಅವಳು ನನಗೆ ಎಷ್ಟೋ ಸಲ ಹೇಳಿದ್ದಳು. ಮೀನು ತಾನಾಗಿ ಬಂದು ಅಂಗೈ ಮೇಲೆ ಹೊಟ್ಟೆ ಊರಿದಾಗ, ಬೆರಳುಗಳನ್ನು ಒಂದೊಂದಾಗಿ ಮಡಿಚಿ ಕಿವಿರಿನ ಹಿಂದೆ ಹಿಡಿದು ಎತ್ತಿದಳು. ಹೊಳೆಯುವ ಕಪ್ಪು ಬೆನ್ನು, ಹಾವಿನಂಥ ತಲೆ. ಅದನ್ನು ಕೊಡದೊಳಗೆ ಬಿಟ್ಟು ನನ್ನ ಕಡೆ ನೋಡಿ ನಕ್ಕಳು. ಆ ನಗು ನನಗೆ ಬೇಕಿರಲಿಲ್ಲ.

ನಾನು ಹೊಂಡದ ಇನ್ನೊಂದು ಮೂಲೆಗೆ ಹೋದೆ. ಒಂದು ಗುಳಿಗೆ ಕೈ ಹಾಕಿದರೆ ತೋಳಿನಷ್ಟು ದಪ್ಪದ್ದು ತಾಕಿತು. ಹಿಡಿದೆ, ಜಾರಿತು. ಮತ್ತೆ ಹಿಡಿದೆ, ಬಾಲದಿಂದ ಕೆನ್ನೆಗೆ ಬಾರಿಸಿ ಜಾರಿತು. ಕೊನೆಗೆ ಅದನ್ನು ನೀರಿಲ್ಲದ ದಡಕ್ಕೆ ಅಟ್ಟಿಕೊಂಡು ಹೋಗಿ, ಮಂಡಿಗಳ ನಡುವೆ ಒತ್ತಿ, ತಲೆಯ ಮೇಲಿನ ಗಂಟು ಬಿಚ್ಚಿ ಮೈತುಂಬ ಬೂದಿ ಸವರಿದೆ. ಆಹಾ, ಕಟ್ಟಿಗೆ ಹಿಡಿದಂತೆ ಸಿಕ್ಕಿತು! ನನ್ನ ಕೊಡದಲ್ಲಿ ಅದು ಬಾಗಿಕೊಂಡೇ ಇರಬೇಕಾಯಿತು, ಅಷ್ಟು ಉದ್ದ. ಅಕ್ಕ ಬಂದು ಇಣುಕಿದಳು. ಅವಳ ಮುಖ ಸಣ್ಣಗಾದದ್ದನ್ನು ನಾನು ಕಣ್ತುಂಬ ನೋಡಿದೆ. ಹೊಲದ ದಾರಿಯುದ್ದಕ್ಕೂ ನಾನೇ ಮುಂದೆ ನಡೆದೆ.

ಬಾವಿಯ ದಂಡೆಯಲ್ಲಿ ಅಪ್ಪ ಕಾಯುತ್ತಿದ್ದ. ನನ್ನ ಕೊಡದೊಳಗೆ ಕೈ ಹಾಕಿ ಮೀನನ್ನು ಎತ್ತಿದ. ಅದು ಅವನ ಕೈಯಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಕೊಡದ ನೀರು ಬೂದುಬಣ್ಣಕ್ಕೆ ತಿರುಗಿತ್ತು.

"ಬೂದಿ ಹಚ್ಚಿದ್ಯೇನಲೇ?" ಎಂದ ಅಪ್ಪ. "ಬೂದಿ ಹಚ್ಚೋದು ಕೊಯ್ಯೋ ಮೀನಿಗೆ. ಮೈಮ್ಯಾಲಿನ ಲೋಳೆ ಹೋದ್ರೆ ಮೀನು ಬದುಕ್ತೈತಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗ ಅಕ್ಕ ತನ್ನ ಕೊಡವನ್ನು ನನ್ನ ಕಡೆ ಚಾಚಿದಳು. ಒಳಗೆ ಅವಳ ಮೀನು ಪಟಪಟನೆ ಬಾಲ ಬಡಿಯುತ್ತಿತ್ತು. "ತಗಾ, ನೀನೇ ಬಿಡು. ಬಾವಿ ನಿನ್ನ ಹೆಸರಿಗೇ ಇರ್ಲಿ" ಎಂದಳು.

ಮಕ್ಕಳೇ, ಅವಳು ಗೆದ್ದದ್ದನ್ನಾದರೂ ತಡೆದುಕೊಳ್ಳುತ್ತಿದ್ದೆ. ಗೆದ್ದದ್ದನ್ನು ನನಗೆ ಕೊಡಲು ಬಂದಳಲ್ಲ, ಅದು ತಡೆಯಲಾಗಲಿಲ್ಲ. ಒಳ್ಳೆಯವಳು ಅನ್ನಿಸಿಕೊಳ್ಳುವುದರಲ್ಲೂ ಇವಳೇ ಮುಂದಾ? "ನಿನ್ನ ಮೀನು ನಂಗ್ಯಾಕೆ? ನೀನೇ ಬಿಟ್ಕೋ ಹೋಗು" ಎಂದು ಕಿರುಚಿದೆ. ಈಗ ಅದೇ ಕೊಡ ಚಾಚಿದರೂ ನಾನು ಮುಟ್ಟುವುದಿಲ್ಲ. ಅಕ್ಕ ಕಲ್ಲಿನ ಮೆಟ್ಟಿಲಿಳಿದು ಕೊಡ ಬಗ್ಗಿಸಿದಳು. ಮೀನು ಒಮ್ಮೆ ಸುತ್ತು ಹಾಕಿ ತಳಕ್ಕಿಳಿಯಿತು.

ನನ್ನ ಮೀನು ಸಾರಾಯಿತು. ಹುಣಸೆಹುಳಿ, ಕೊತ್ತಂಬರಿ, ಬೆಳ್ಳುಳ್ಳಿಯ ಘಮ ಮನೆ ತುಂಬಿತ್ತು. ಮೀನು ಹಿಡಿದವರ ತಟ್ಟೆಗೇ ಅದರ ತಲೆ ಹೋಗುವುದು ನಮ್ಮ ಮನೆಯ ರೂಢಿ. ಅವತ್ತು ಮೊದಲ ಸಲ ಅದು ನನ್ನ ತಟ್ಟೆಗೆ ಬಿತ್ತು, ನಾನು ಅದನ್ನು ತಟ್ಟೆಯ ಅಂಚಿಗೆ ತಳ್ಳಿದೆ. ಊಟವಾದ ಮೇಲೆ ಅವ್ವ, "ಹೊಸ ಬಾವಿಯಿಂದ ಒಂದು ಚೆಂಬು ನೀರು ತಾರೋ" ಎಂದಳು. "ನಾನ್ಯಾಕೆ ತರ್ಲಿ? ಅದು ಅಕ್ಕನ ಬಾವಿ! ಅಕ್ಕನೇ ತರ್ಲಿ!" ಎಂದು ಕೂಗಿದೆ.

ಅವ್ವ ಬಿದ್ದು ಬಿದ್ದು ನಕ್ಕಳು. ಮಾರನೆಯ ದಿನ ಪಕ್ಕದ ಮನೆಯವರಿಗೆ ಹೇಳಿದಳು, ಅವರು ಕೇರಿಗೆಲ್ಲ ಹೇಳಿದರು. ಅಕ್ಕನ ಸ್ವಂತ ಹೆಸರು ಬಾವಿಗೆ ನಿಲ್ಲಲಿಲ್ಲ. ನನ್ನ ಬಾಯಿಂದ ಬಂದ ಹೆಸರೇ ನಿಂತಿತು. ಅವಳಿಗಿಂತ ದೊಡ್ಡವರೂ, ಪಕ್ಕದೂರಿನವರೂ ಅಕ್ಕನ ಬಾವಿ ಎಂದೇ ಕರೆಯತೊಡಗಿದರು.

ನಿಮ್ಮ ಕಾಲದ ನೀರು ಬೇರೆ. ಸ್ವಿಚ್ ಒತ್ತಿದರೆ ಬೋರಿನಿಂದ ನೀಲಿ ಡ್ರಮ್ಮಿಗೆ ನೀರು ಬೀಳುತ್ತದೆ, ಕುಡಿಯಲು ಕ್ಯಾನ್ ಬರುತ್ತದೆ. ಗೇಣಗಲದ ಆ ಕೊಳವೆಯಲ್ಲಿ ಕೊರಮೀನು ಮೈ ತಿರುಗಿಸಲೂ ಆಗದು. ನಮ್ಮ ಬೋರುಗಳಿಗೆ ಹಳೇ ಬೋರು, ಹೊಸ ಬೋರು ಎನ್ನುತ್ತೀರಿ. ಯಾವುದಕ್ಕಾದರೂ ನಿಮ್ಮ ಹೆಸರು ಬೇಕೆಂದು ನೀವು ಜಗಳವಾಡಿದ್ದನ್ನು ನಾನು ಕಂಡಿಲ್ಲ. ಮೀನನ್ನು ಫೋನಿನಲ್ಲಿ ನೋಡುತ್ತೀರಿ. ಅದರ ಹೊಟ್ಟೆ ಅಂಗೈಗೆ ತಾಕಿದರೆ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ.

ಅಕ್ಕನ ಬಾವಿ ಬತ್ತಿ ಮುಳ್ಳು ಬೆಳೆದು ಎಷ್ಟೋ ಕಾಲವಾಯಿತು. ಹೆಸರು ಬತ್ತಲಿಲ್ಲ. ಹೊಲದ ಪಕ್ಕ ರಸ್ತೆ ಬಂತು, ರಸ್ತೆಗೆ ಬಸ್ಸು ಬಂತು, ಸ್ಟಾಪಿಗೂ ಅದೇ ಹೆಸರು. ನಿಮ್ಮ ಶಾಲೆಯ ವ್ಯಾನೂ ಅಲ್ಲೇ ನಿಲ್ಲುತ್ತದೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು, "ಅಜ್ಜಾ, ಅಕ್ಕ ಅಂದ್ರೆ ಯಾವ ದೇವ್ರು?" ಎಂದು ಕೇಳಿದಳು. ಇನ್ನು ಇದೊಂದು ಬಾಕಿಯಿತ್ತು ನೋಡಿ! ಅದಕ್ಕೇ ಇದನ್ನೆಲ್ಲ ಹೇಳಬೇಕಾಯಿತು.

ಕೊಂಡ್ಲಹಳ್ಳಿಗೆ ಮದುವೆಯಾಗಿ ಹೋದ ಅಕ್ಕ ಈಗಲೂ ಗಟ್ಟಿಯಾಗಿದ್ದಾಳೆ. ಒಮ್ಮೊಮ್ಮೆ ಚಳ್ಳಕೆರೆಯಲ್ಲಿ ಸಿಕ್ಕಿ, ನನ್ನ ಜೊತೆ ನಮ್ಮ ಮನೆಗೆ ಬರುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದಾಗ ಅವಳಿಗೆ ಒಮ್ಮೆಲೇ ಕಿವಿ ಮಂದವಾಗುತ್ತದೆ. "ನಂಗೆ ಕೇಳ್ಸಲ್ಲ ಕಣಪ್ಪಾ, ಎಲ್ಲಿಗೆ ಅಂತ ನನ್ನ ತಮ್ಮ ಹೇಳ್ತಾನೆ" ಎಂದು ಸೆರಗಿನ ಮರೆಯಲ್ಲಿ ನಗುತ್ತಾಳೆ. ಹೊಟ್ಟೆಯಲ್ಲಿ ಅದೇ ಹಳೇ ಮೆಣಸಿನಕಾಯಿ ಅರೆಯುತ್ತದೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಹೇಳುತ್ತೇನೆ:

"ಅಕ್ಕನ ಬಾವಿ, ಎರಡು."