ಒಳಮನೆಯ ಫೋನು

ನಾನು ಹೋಗುವಷ್ಟರಲ್ಲಿ ಹತ್ತಿ ವ್ಯಾಪಾರಿ ಮೋಡೆಮನ್ನು ಒಮ್ಮೆ ಗೋಡೆಗೆ ಎಸೆದಾಗಿತ್ತು. ಮೇಲಿನ ಪ್ಲಾಸ್ಟಿಕ್ ಒಡೆದಿದ್ದರೂ ದೀಪಗಳು ಉರಿಯುತ್ತಿದ್ದವು. ಶಹಾಪುರದಲ್ಲಿ ಅವನ ಅಂಗಡಿ, ಹಿಂದೆಯೇ ಮನೆ. ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲ ಅದು. ಯಾದಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿತಿದ್ದ ನಾನು ಚೀಲ ಹೆಗಲಿಗೇರಿಸಿ ಶಹಾಪುರ, ಸುರಪುರ ಅಂತ ಬಸ್ಸಿನಲ್ಲಿ ತಿರುಗುತ್ತಿದ್ದೆ.

"ದಿನಾ ಹತ್ತು ಸಲ ಕಟ್ ಆಗ್ತದ. ಮಿಲ್ಲಿನವರ ಮೇಲ್ ಅರ್ಧಾ ಬಂದು ನಿಂದರ್ತದ. ಇವತ್ತ ಸರಿ ಆಗಲಿಲ್ಲಂದ್ರ ಅದರ ಜೋಡಿ ನಿನ್ನೂ ಒಗಿತೀನಿ ನೋಡು," ಎಂದ. ಮುಖದಲ್ಲಿ ನಗುವಿರಲಿಲ್ಲ.

ತಂತಿ ಬದಲಿಸಿದೆ. ಸೆಟ್ಟಿಂಗಿಗೆ ಹೋಗಿ ವೇಗ ಇಳಿಸಿದೆ. ಮೋಡೆಮ್ ಕಿರುಚಿ, ಗರಗರ ಎಂದು, ಸಂಪರ್ಕ ಹಿಡಿಯಿತು. ಐದು ನಿಮಿಷಕ್ಕೆ ಬಿಟ್ಟಿತು. ಮತ್ತೆ ಹಚ್ಚಿದೆ, ಮತ್ತೆ ಬಿಟ್ಟಿತು. ಕೊನೆಗೆ ಮೋಡೆಮ್ ಕಳಚಿ, ಅದೇ ತಂತಿಗೆ ಫೋನು ಸಿಕ್ಕಿಸಿ, ಕಿವಿಗೆ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಟಕ್ ಎಂದಿತು. ಯಾರದೋ ಉಸಿರು, ಅದರ ಹಿಂದೆ ಕುಕ್ಕರಿನ ಸೀಟಿ. ಮತ್ತೆ ಟಕ್.

ದೋಷ ಸಿಕ್ಕ ಖುಷಿಗೆ ಬಾಯಿ ನಿಲ್ಲಲಿಲ್ಲ.

"ಸಾವ್ಕಾರ್ರ, ಮೋಡೆಮ್ ಛಲೋ ಅದ್ರಿ. ಇದ ಲೈನಿಗಿ ಒಳಗ ಇನ್ನೊಂದು ಫೋನ್ ಅದ. ಅದನ್ನ ಯಾರರ ಎತ್ತಿದ್ರ ಇದು ಕಟ್ ಆಗ್ತದ."

"ಒಳಗ ಇರಾಕಿ ಒಬ್ಬಾಕೀನ," ಎಂದು ಅವನು ಎದ್ದು ಒಳಮನೆಗೆ ಹೋದ. ಅವನ ಕೂಗು ಅಂಗಡಿಗೂ ಕೇಳಿಸಿತು.

"ಯಾರ ಜೋಡಿ ಮಾತಾಡಾಕತ್ತಿದ್ದಿ? ಹೇಳ್!"

"ಯಾರ ಜೋಡೀನೂ ಇಲ್ರಿ. ಗೋಗ್ಯಾಗ ಅವ್ವಗ ಆರಾಮಿಲ್ಲ, ಫೋನ್ ಹಚ್ಚಬೇಕಂತ ಲೈನ್ ಖಾಲಿ ಅದನೋ ಇಲ್ಲೋ ಎತ್ತಿ ನೋಡ್..."

ಅವನ ಹೆಂಡತಿಯ ಮಾತು ಅಲ್ಲಿಗೇ ನಿಂತಿತು. ರಿಸೀವರಿನಿಂದಲೇ ಬಾಯಿಗೆ ಹೊಡೆದಿದ್ದ, ಆಮೇಲೆ ಗೊತ್ತಾಯಿತು. ಗಂಡ ಹೆಂಡಿರ ಜಗಳ, ನನಗೇಕೆ ಅಂದುಕೊಂಡು ಕೂತೆ. ಇನ್ನೆರಡು ಏಟು ಕೇಳಿಸಿತು. ಮೂರನೆಯದಕ್ಕೆ ಅವಳು ಕೂಗಲಿಲ್ಲ. ಆಗ ಓಡಿದೆ.

ಜಡೆ ಹಿಡಿದು ಅವಳ ಹಣೆಯನ್ನು ಅಡುಗೆ ಕಟ್ಟೆಯ ಅಂಚಿಗೆ ಗುದ್ದುತ್ತಿದ್ದ. ಹಿಂದಿನಿಂದ ತಬ್ಬಿ ಎಳೆದೆ. ಅವನ ಮೊಳಕೈ ನನ್ನ ಮೂಗಿಗೆ ಬಿತ್ತು; ಬಾಯಿ ತುಂಬ ರಕ್ತ. ಕೆಳಗೆ ಬಿದ್ದ ನನ್ನ ಪಕ್ಕೆಗೆ ಒದೆಯತೊಡಗಿದ. ನಾಲ್ಕನೆಯ ಒದೆತ ಬೀಳುವ ಮುಂಚೆ ಅವಳು ರೊಟ್ಟಿ ಸುಡುವ ಕಬ್ಬಿಣದ ಹಂಚನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದಳು. ಅವನು ಕೈ ಅಡ್ಡ ಹಿಡಿದ. ಮೂಳೆ ಮುರಿದದ್ದು ನನಗೂ ಕೇಳಿಸಿತು. "ಯವ್ವಾ!" ಎಂದು ಗೋಡೆಗೆ ಒರಗಿ ಕುಸಿದ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನಡೆದಳು. ನಾನೂ ಹಿಂದೆ ಹೋದೆ. ದವಾಖಾನೆಗೆ ಹೊರಟ ಆಟೋದಲ್ಲಿ ರಕ್ತ ಸುರಿಸುತ್ತ ಕೂತ ನಮ್ಮಿಬ್ಬರನ್ನು ಉಳಿದ ಪ್ರಯಾಣಿಕರು ಪಿಳಿಪಿಳಿ ನೋಡಿದರು.

"ತಪ್ಪಾತ್ರಿ ಅಕ್ಕಾರ. ನಾ ಹೇಳಬಾರದಿತ್ತು," ಅಂದೆ.

"ನೀ ಹೇಳದಿದ್ರೂ ಹೊಡಿತಿದ್ದ, ತಮ್ಮಾ. ಸಾರಿಗಿ ಉಪ್ಪು ಕಮ್ಮಿ ಆದ್ರೂ ಹೊಡಿತಾನ. ಇವತ್ತ ನಾ ಹೊಡದೀನಿ. ಅಷ್ಟ ಹೊಸಾದು."

ತುಟಿಗೆ, ಹಣೆಗೆ ಹೊಲಿಗೆ ಹಾಕಿಸಿಕೊಂಡು ಅಲ್ಲಿಂದಲೇ ತವರೂರು ಗೋಗಿಗೆ ಹೋದಳು, ತಿರುಗಿ ಬರಲಿಲ್ಲ ಎಂದು ಆಮೇಲೆ ತಿಳಿಯಿತು. ವ್ಯಾಪಾರಿಯಂತೂ ಅವಳು ಫೋನಿನಲ್ಲಿ ಮಾತಾಡುತ್ತಿದ್ದದ್ದು ನನ್ನ ಜೊತೆಗೇ ಎಂದು ಬಜಾರದಲ್ಲೆಲ್ಲ ಹೇಳಿದ. ಒಂದು ಮಧ್ಯಾಹ್ನ ಅವನ ಕಡೆಯ ಇಬ್ಬರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು, ಜನ ನೋಡುತ್ತಿದ್ದಂತೆ ಹೊಡೆದರು. ಒಂದು ಹಲ್ಲು ಹೋಯಿತು. ಯಾರೂ ಬಿಡಿಸಲಿಲ್ಲ. ಶಹಾಪುರದ ಕೆಲಸ ಎಷ್ಟೋ ತಿಂಗಳು ನಿಂತೇ ಹೋಯಿತು.

ಆಮೇಲೆ ಸುರಪುರದ ಒಂದು ಮನೆಯಲ್ಲಿ ಇದೇ ದೋಷ ಸಿಕ್ಕಿತು. ಯಜಮಾನನಿಗೆ "ತಂತಿ ಹಳೀದಾಗ್ಯದ್ರಿ" ಎಂದು ಸುಳ್ಳು ಹೇಳಿದೆ. ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ, ಫೋನು ಎತ್ತುವವಳಿಗೆ ವಿಷಯ ಮೆಲ್ಲಗೆ ತಿಳಿಸಿ ಬಂದೆ.